ಆಪರೇಷನ್ ಕತ್ತರಿಗೂ ಒಂದು ಗುರುತಿನ ಸಂಖ್ಯೆ



ಆಪರೇಷನ್ ಎಂದೊಡನೆ ಅನೇಕರು ಮೆಲ್ಲಗೆ ಕೇಳುವ ಪ್ರಶ್ನೆ ಒಂದಿದೆ: “ಹೊಟ್ಟೆಯೊಳಗೆ ಕತ್ತರಿಯೋ ಬಟ್ಟೆಯೋ ಉಳಿದುಬಿಟ್ಟರೆ?” ಇದು ಬಹಳ ಅಪರೂಪ. ಆದರೆ ಎಲ್ಲಿಯೂ ಆಗದ ಮಾತಲ್ಲ. ಆದ್ದರಿಂದ ಕೇಳಲು ಸಂಕೋಚ ಬೇಡ.

ಎಣಿಕೆಯೇ ಮೊದಲ ಕಾವಲು

ಆಪರೇಷನ್ ಶುರುವಾಗುವ ಮೊದಲು, ಹೊಲಿಗೆ ಹಾಕುವ ಮುನ್ನ ಮತ್ತು ಕೊನೆಯಲ್ಲಿ ಕತ್ತರಿ, ಚಿಮುಟ, ಸೂಜಿ, ಗಾಜ್ ಬಟ್ಟೆಗಳನ್ನು ಇಬ್ಬರು ಸಿಬ್ಬಂದಿ ಗಟ್ಟಿಯಾಗಿ ಎಣಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿಯೂ ಈ ಎಣಿಕೆ ಸೇರಿದೆ. ಲೆಕ್ಕ ತಪ್ಪಿದರೆ ಹುಡುಕುತ್ತಾರೆ. ಸಿಗದಿದ್ದರೆ ಎಕ್ಸ್-ರೇ ತೆಗೆಯುತ್ತಾರೆ. ಉಕ್ಕು ಎಕ್ಸ್-ರೇಯಲ್ಲಿ ಕಾಣುತ್ತದೆ. ಆಪರೇಷನ್ ಗಾಜ್‌ನಲ್ಲಿಯೂ ಅದಕ್ಕಾಗಿಯೇ ಒಂದು ವಿಶೇಷ ಎಳೆ ಇರುತ್ತದೆ.

ಟ್ಯಾಗ್ ಎಂದರೇನು?

ಈಗ ಕೆಲವು ದೊಡ್ಡ ಆಸ್ಪತ್ರೆಗಳು ಎಣಿಕೆಯ ನೆರವಿಗೆ ರೇಡಿಯೋ ಟ್ಯಾಗ್ ಬಳಸುತ್ತಿವೆ. ಕಾರವಾರದಿಂದ ಅಂಕೋಲಾಕ್ಕೆ ಕಾರಿನಲ್ಲಿ ಬರುವವರು ಹಟ್ಟಿಕೇರಿ ಟೋಲ್ ನಾಕಾದಲ್ಲಿ ಇದೇ ತತ್ವವನ್ನು ನೋಡಿರುತ್ತೀರಿ. 2021ರ ಫೆಬ್ರವರಿಯಿಂದ ಕಡ್ಡಾಯವಾದ ಫಾಸ್ಟ್ಯಾಗ್‌ನಲ್ಲಿ ಬ್ಯಾಟರಿ ಇಲ್ಲ. ನಾಕಾದ ಯಂತ್ರ ಕಳಿಸುವ ರೇಡಿಯೋ ಅಲೆಯಿಂದಲೇ ಶಕ್ತಿ ಪಡೆದು ಅದು ತನ್ನ ಸಂಖ್ಯೆಯನ್ನು ತಿಳಿಸುತ್ತದೆ. ಕತ್ತರಿಯ ಹಿಡಿಗೆ ಅಂಟಿಸಿದ ಪುಟ್ಟ ಟ್ಯಾಗ್ ಕೂಡ ಹಾಗೆಯೇ.

ಆದರೆ ಕತ್ತರಿಯ ಟ್ಯಾಗ್‌ಗೆ ಕಷ್ಟ ಹೆಚ್ಚು. ಪ್ರತಿ ಆಪರೇಷನ್ ಆದ ಮೇಲೆ ಉಪಕರಣವನ್ನು ತೊಳೆದು, ಆಟೋಕ್ಲೇವ್‌ನಲ್ಲಿ 121 ಅಥವಾ 134 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಇಡಬೇಕು. ಸಾಮಾನ್ಯ ಟ್ಯಾಗ್ ಅಲ್ಲಿ ಉಳಿಯದು. ಲೋಹವೂ ರೇಡಿಯೋ ಅಲೆಗೆ ಅಡ್ಡಿ ಮಾಡುತ್ತದೆ. ಆದ್ದರಿಂದ ಚಿಪ್ಪನ್ನು ಸೆರಾಮಿಕ್‌ನಂಥ ಗಟ್ಟಿ ಕವಚದಲ್ಲಿ ಮುಚ್ಚಿ, ಲೋಹದ ಮೇಲೆ ಕೆಲಸ ಮಾಡುವಂತೆಯೇ ತಯಾರಿಸುತ್ತಾರೆ.

ಇದರಿಂದ ಲಾಭವೇನು?

ಯಾವ ಕತ್ತರಿ ಯಾವ ಟ್ರೇಯದು, ಎಷ್ಟು ಸಲ ಹಬೆಗೆ ಹೋಯಿತು, ಸಾಣೆ ಯಾವಾಗ ಹಿಡಿಸಿದ್ದು, ಯಾವ ರೋಗಿಗೆ ಬಳಸಿದ್ದು ಎಂಬುದೆಲ್ಲ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ಒಂದು ಉಪಕರಣದಲ್ಲಿ ದೋಷ ಕಂಡರೆ ಅದನ್ನು ಬಳಸಿದ ರೋಗಿಗಳನ್ನು ಗುರುತಿಸಿ ಪರೀಕ್ಷಿಸಬಹುದು.

ಆದರೂ ಟ್ಯಾಗ್ ಕಳಚಬಹುದು. ರಾಶಿಯಲ್ಲಿ ಒಂದು ಓದಿಗೆ ಸಿಗದೆ ಹೋಗಬಹುದು. ಹಾಗಾಗಿ ಕೈ ಎಣಿಕೆಯನ್ನು ಬಿಡುವಂತಿಲ್ಲ. ಟ್ಯಾಗ್ ವೆಚ್ಚದ ಬಾಬತ್ತು. ಅದಿಲ್ಲದ ಆಸ್ಪತ್ರೆ ಸುರಕ್ಷಿತವಲ್ಲ ಎಂದು ತಿಳಿಯಬೇಡಿ. ಶ್ರದ್ಧೆಯಿಂದ ಎಣಿಸುವ ಸಿಸ್ಟರ್‌ಗಳ ಕಾಯಕವೇ ಇಂದಿಗೂ ನಿಮ್ಮ ರಕ್ಷೆ.

ನೀವು ಮಾಡಬೇಕಾದದ್ದು

• ಹುಬ್ಬಳ್ಳಿ, ಮಣಿಪಾಲ, ಗೋವಾ, ಎಲ್ಲಿ ಆಪರೇಷನ್ ಆಗಿದ್ದರೂ ಡಿಸ್ಚಾರ್ಜ್ ಕಾರ್ಡ್ ಜೋಪಾನವಾಗಿಡಿ; ಮುಂದಿನ ವೈದ್ಯರಿಗೆ ತೋರಿಸಿ.
• ಪೇಸ್‌ಮೇಕರ್, ರಾಡ್, ಪ್ಲೇಟ್ ಇದ್ದರೆ ಆಪರೇಷನ್ ಮೊದಲೇ ತಿಳಿಸಿ.
• “ಎಣಿಕೆ ಸರಿಯಾಯಿತೇ?” ಎಂದು ನೀವಾಗಲಿ ಮನೆಯವರಾಗಲಿ ಕೇಳಬಹುದು. ಅದು ಅವಿಶ್ವಾಸವಲ್ಲ, ನಿಮ್ಮ ಹಕ್ಕು.
• ಮನೆಗೆ ಹೋದ ಮೇಲೆ ಜ್ವರ, ಕಡಿಮೆಯಾಗದ ನೋವು, ಗಾಯದಿಂದ ಕೀವು ಕಂಡರೆ ಮನೆಮದ್ದು ಮಾಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಬನ್ನಿ.