ಲಿಪಾನಿ ಕದನ: ಯಾರ ವಿರುದ್ಧ ಯಾರು?

ಮತೀಯ ಯುದ್ಧಗಳ ಪಾಠದಲ್ಲಿ ಕಪ್ಪುಹಲಗೆಯ ನಡುವೆ ಗೆರೆ ಎಳೆದು, ಈ ಕಡೆ ಒಂದು ಮತ, ಆ ಕಡೆ ಇನ್ನೊಂದು ಎಂದು ಬರೆಯುವುದು ರೂಢಿ. 1434ರ ಮೇ 30ರಂದು ಬೊಹೀಮಿಯಾದ (ಇಂದಿನ ಚೆಕ್ ಗಣರಾಜ್ಯ) ಲಿಪಾನಿ ಗ್ರಾಮದ ಬಳಿ ನಡೆದ ಕದನಕ್ಕೆ ಈ ಗೆರೆ ಹೊಂದುವುದಿಲ್ಲ. ಪ್ರಶಿಕ್ಷಣಾರ್ಥಿಗಳು ಇದನ್ನು ಬೋಧಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ: ಯಾರ ವಿರುದ್ಧ ಯಾರು ಹೋರಾಡಿದರು?

ಹಿನ್ನೆಲೆ: ಪ್ರಾಗ್‌ನ ಧರ್ಮಬೋಧಕ ಯಾನ್ ಹುಸ್‌ರನ್ನು 1415ರಲ್ಲಿ ಕಾನ್‌ಸ್ಟನ್ಸ್ ಧರ್ಮಸಭೆ ಧರ್ಮವಿರೋಧಿಯೆಂದು ಘೋಷಿಸಿತು, ಅವರನ್ನು ಜೀವಂತ ಸುಡಲಾಯಿತು. ಪ್ರಾರ್ಥನೆಯಲ್ಲಿ ರೊಟ್ಟಿಯ ಜೊತೆ ಪಾದ್ರಿಗಳಿಗಷ್ಟೇ ಮೀಸಲಾಗಿದ್ದ ದ್ರಾಕ್ಷಾರಸವೂ ಜನಸಾಮಾನ್ಯರಿಗೆ ಸಿಗಬೇಕೆಂಬುದು ಅವರ ಅನುಯಾಯಿಗಳಾದ ಹುಸ್ಸೈಟರ ಬೇಡಿಕೆ. ಹಾಗಾಗಿ ಪಾನಪಾತ್ರೆಯೇ ಅವರ ಲಾಂಛನವಾಯಿತು. 1420ರಿಂದ 1431ರವರೆಗೆ ಅವರ ಮೇಲೆ ಸಾರಿದ ಐದು ಕ್ರುಸೇಡ್‌ಗಳೂ ವಿಫಲವಾದವು. ಬಂಡಿಗಳನ್ನು ಸರಪಳಿಯಿಂದ ಬಿಗಿದು ಯಾನ್ ಜಿಷ್ಕಾ ರೂಪಿಸಿದ ಬಂಡಿಕೋಟೆಯೇ ಅವರ ಮುಖ್ಯ ಬಲ. ಒಳಗಿದ್ದವರು ಬಂದೂಕು, ಅಡ್ಡಬಿಲ್ಲುಗಳಿಂದ ಹೊಡೆದು ಶತ್ರುವನ್ನು ದಣಿಸಿ, ಅನಂತರವೇ ಹೊರಬಂದು ಮೇಲೆರಗುತ್ತಿದ್ದರು.

ಒಡಕು: ವರ್ಷಗಟ್ಟಲೆ ನಡೆದ ಯುದ್ಧದಿಂದ ದೇಶ ಬಳಲಿತ್ತು. ಸೌಮ್ಯವಾದಿ ಹುಸ್ಸೈಟರು ಬಾಸೆಲ್ ಧರ್ಮಸಭೆಯೊಡನೆ ಸಂಧಾನ ಬಯಸಿದರು. ಉಗ್ರವಾದಿಗಳಾದ ಟಾಬೊರೈಟರು ಮತ್ತು 'ಅನಾಥರು' (ಜಿಷ್ಕಾ ಸತ್ತ ಮೇಲೆ ಅವನ ಸೈನಿಕರು ಇಟ್ಟುಕೊಂಡ ಹೆಸರು) ಅದಕ್ಕೆ ಒಪ್ಪಲಿಲ್ಲ. ಸೌಮ್ಯವಾದಿಗಳು ಕ್ಯಾಥೊಲಿಕ್ ಸರದಾರರ ಜೊತೆ ಸೇರಿ ಒಕ್ಕೂಟ ಕಟ್ಟಿದರು. ಅದರ ಸೇನಾನಿ ದಿವಿಶ್ ಬೊರ್ಜೆಕ್ ಸ್ವತಃ ಹುಸ್ಸೈಟ್ ಸರದಾರ.

ಕದನ: ಪ್ರೊಕೋಪ್ ನೇತೃತ್ವದ ಉಗ್ರವಾದಿಗಳು ಬಂಡಿಕೋಟೆಯೊಳಗಿದ್ದರು. ಎದುರಾಳಿಗಳಿಗೂ ಅದರ ಒಳಗುಟ್ಟು ಗೊತ್ತಿತ್ತು. ಅವರು ಮುನ್ನುಗ್ಗಿ, ಸೋತವರಂತೆ ನಟಿಸಿ ಹಿಮ್ಮೆಟ್ಟಿದರು. ಗೆದ್ದೆವೆಂದು ನಂಬಿ ಉಗ್ರವಾದಿಗಳು ಕೋಟೆ ತೆರೆದು ಬೆನ್ನಟ್ಟಿದಾಗ, ಮರೆಯಲ್ಲಿದ್ದ ಅಶ್ವದಳ ಮೇಲೆ ಬಿತ್ತು. ಪ್ರೊಕೋಪ್ ಹತನಾದ. ಸೆರೆಸಿಕ್ಕ ನೂರಾರು ಜನರನ್ನು ಕಣಜಗಳಲ್ಲಿ ಕೂಡಿಹಾಕಿ ಸುಡಲಾಯಿತು.

ಪರಿಣಾಮ: 1436ರ ಯಿಹ್ಲಾವಾ ಒಪ್ಪಂದದಲ್ಲಿ ಜನಸಾಮಾನ್ಯರಿಗೂ ಪಾನಪಾತ್ರೆಯ ಹಕ್ಕು ದೊರೆಯಿತು, ಸಿಗಿಸ್ಮಂಡ್‌ನನ್ನು ರಾಜನೆಂದು ಒಪ್ಪಲಾಯಿತು.

ಬೋಧನೆಗೆ: ಹಲಗೆಯ ಮೇಲೆ ಎರಡರ ಬದಲು ಮೂರು ಅಂಕಣ ಹಾಕಿ: ಕ್ಯಾಥೊಲಿಕರು, ಸೌಮ್ಯವಾದಿಗಳು, ಉಗ್ರವಾದಿಗಳು. 1420ರಲ್ಲಿ ಯಾರು ಯಾರ ಜೊತೆಗಿದ್ದರು, 1434ರಲ್ಲಿ ಯಾರ ಜೊತೆ ಎಂಬುದನ್ನು ಮಕ್ಕಳೇ ಬಾಣದ ಗುರುತಿನಿಂದ ತೋರಿಸಲಿ. ನಂತರ ಕೇಳಿ: ಪಾನಪಾತ್ರೆಯ ಹಕ್ಕು ಉಳಿದದ್ದು ಸಂಧಾನದಿಂದಲೋ, ಅದಕ್ಕೂ ಮುಂಚೆ ಐದು ಕ್ರುಸೇಡ್‌ಗಳನ್ನು ತಡೆದವರಿಂದಲೋ? ಎರಡೂ ಉತ್ತರಕ್ಕೆ ಪಾಠದಲ್ಲೇ ಆಧಾರವಿದೆ. ಉತ್ತರ ಯಾವುದಾದರೂ ಆಗಲಿ, ಮಗು ಆಧಾರ ಕೊಟ್ಟಿದೆಯೇ ಎಂಬುದನ್ನು ನೋಡಿ ಮೌಲ್ಯಮಾಪನ ಮಾಡಿ.