ತರಕಾರಿ ಬೀಜಗಳನ್ನು ಬಿತ್ತನೆಗೆ ಸಿದ್ಧಪಡಿಸುವ ಕ್ರಮ

ಬಿತ್ತಿದ ಬೀಜವು ಮೊಳೆಯದಿದ್ದರೆ ಮಳೆಯನ್ನೋ, ಮಣ್ಣನ್ನೋ, ಬೀಜ ಮಾರಿದವನನ್ನೋ ದೂರುವುದು ವಾಡಿಕೆ. ಕೆಲವು ವರ್ಷಗಳ ಹಿಂದೆ ಜಮೀನುದಾರರೊಬ್ಬರು ಹಾಗಲ ಬೀಜವನ್ನು ಹಾಕಿ, 20 ದಿನ ಕಾದು, ಸಸಿಗಳು ಅಲ್ಲೊಂದು ಇಲ್ಲೊಂದು ಮಾತ್ರ ಎದ್ದುದರಿಂದ ಪಾತಿಗಳನ್ನೇ ಅಗೆದುಹಾಕಲು ಹೊರಟಿದ್ದರು. ನಾನು ಮಣ್ಣನ್ನು ಕೆದಕಿ ನೋಡಲಾಗಿ, ಹಲವು ಬೀಜಗಳು ಕೊಳೆಯದೆ ಗಟ್ಟಿಯಾಗಿಯೇ ಇದ್ದವು. ಅವನ್ನು ನೆನೆಯಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿಸಿದಾಗ ಬಹುಪಾಲು ಮೊಳೆತವು. ಆದರೆ ಕಳೆದ 20 ದಿನಗಳು ಮರಳಲಿಲ್ಲ. ಅವರ ಕಾಯಿ ಸಂತೆಗೆ ಬರುವ ವೇಳೆಗೆ ಬೆಲೆ ಇಳಿದುಹೋಗಿತ್ತು.

ಬೀಜವು ಮೊಳೆಯಲು ನೀರು, ಗಾಳಿ, ಹಿತವಾದ ಕಾವು ಈ ಮೂರೂ ಅವಶ್ಯಕ. ಹಾಗಲ, ಪಡವಲ ಮುಂತಾದವುಗಳ ಸಿಪ್ಪೆಯು ಗಡುಸಾದುದರಿಂದ ನೀರು ಒಳಕ್ಕೆ ಇಳಿಯುವುದು ನಿಧಾನ. ಇವನ್ನು 24 ಗಂಟೆಗಳ ಕಾಲ ನೆನೆಯಿಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಬೆಚ್ಚಗಿನ ಸ್ಥಳದಲ್ಲಿಟ್ಟು, ಮೊಳಕೆಯು ತಲೆದೋರಿದ ಕೂಡಲೆ ತೇವವುಳ್ಳ ಪಾತಿಯಲ್ಲಿ ಹಾಕತಕ್ಕದ್ದು. ಮೊಳಕೆಯು ಉದ್ದವಾದರೆ ಮುರಿಯುವುದು. ಒಣ ಮಣ್ಣಿಗೆ ಬಿದ್ದರೆ ಬಾಡುವುದು. ಬೆಂಡೆಗೆ ಒಂದು ರಾತ್ರಿ ನೆನೆದರೆ ಸಾಕು. ಕೊತ್ತಂಬರಿಯ ಒಂದೊಂದು ಕಾಳಿನಲ್ಲಿಯೂ ಎರಡು ಬೀಜಗಳಿರುವುದರಿಂದ, ಮೆಲ್ಲಗೆ ಉಜ್ಜಿ ಹೋಳುಮಾಡಿ, 12 ಗಂಟೆ ನೆನೆಯಿಸಿ ಬಿತ್ತಬೇಕು. ಹುರುಳಿಕಾಯಿ ಬೀಜವನ್ನು ಹೀಗೆ ಬಹಳ ಹೊತ್ತು ನೆನೆಯಿಸಬಾರದು. ಅದು ಸೀಳಿ ಕೊಳೆಯುವುದು. ಔಷಧವನ್ನು ಲೇಪಿಸಿ ಮಾರುವ ಬೀಜವನ್ನು ನೆನೆಯಿಸಲೇ ಕೂಡದು. ತೊಳೆದರೆ ಔಷಧವೇ ಹೋಗುವುದು.

ಸತ್ತ ಬೀಜಕ್ಕೆ ಯಾವ ಉಪಚಾರವೂ ಜೀವ ಕೊಡಲಾರದು. ಮುಖ್ಯವಾಗಿ ಈರುಳ್ಳಿ ಬೀಜವು ವರ್ಷ ಕಳೆದರೆ ಸತ್ವಹೀನವಾಗುವುದು. ಆದ್ದರಿಂದ ಬಿತ್ತನೆಗೆ ಎರಡು ವಾರ ಮೊದಲೇ 100 ಬೀಜಗಳನ್ನು ಎಣಿಸಿ, ಒದ್ದೆಯಾದ ಗೋಣಿತಟ್ಟಿನ ಮೇಲೆ ಸಾಲಾಗಿಟ್ಟು ಸುತ್ತಿ, ತೇವವಾರದಂತೆ ಕಾಯ್ದು, ಮೊಳೆತವುಗಳನ್ನು ಲೆಕ್ಕಮಾಡತಕ್ಕದ್ದು. ದೃಢೀಕೃತ ಬೀಜದಲ್ಲಿ ನೂರಕ್ಕೆ ಹಾಗಲವು 60, ಬೆಂಡೆಯು 65, ಈರುಳ್ಳಿಯು 70 ಆದರೂ ಮೊಳೆಯಬೇಕೆಂಬುದು ನಿಯಮ. ಇದಕ್ಕೆ ಸ್ವಲ್ಪ ಕಡಮೆಯಾದರೆ ಬೀಜದ ಪ್ರಮಾಣವನ್ನು ಹೆಚ್ಚಿಸುವುದು. ಅರ್ಧಕ್ಕಿಂತಲೂ ಕಡಮೆಯಾದರೆ ಬೇರೆ ಬೀಜವನ್ನು ತರುವುದು ಲೇಸು.

ಇದಕ್ಕೆ ತಗಲುವ ವೆಚ್ಚವು ಒಂದು ಗೋಣಿತಟ್ಟು, ಒಂದು ಪಾತ್ರೆ ನೀರು ಮಾತ್ರ. ಗ್ರಾಮದ ಮುಖಂಡರೂ ಜಮೀನುದಾರರೂ ಮೊದಲು ತಮ್ಮ ತೋಟಗಳಲ್ಲಿ ಇದನ್ನು ಮಾಡಿ, ಮೊಳೆತ ಬೀಜವನ್ನು ನೆರೆಯವರಿಗೆ ಕಣ್ಣಾರೆ ತೋರಿಸಬೇಕಾಗಿ ಪ್ರಾರ್ಥನೆ. ಹಣವಂತನಿಗೆ ಮರುಬಿತ್ತನೆಯು ಕೇವಲ ನಷ್ಟ. ಸಾಲ ಮಾಡಿ ಬೀಜ ತಂದ ಬಡ ರೈತನಿಗೆ ಅದು ಒಂದು ವರ್ಷದ ಅನ್ನ.