ನಿಮಗಿದು ಗೊತ್ತೇ? ದೇವರ ಪರ ವಾದ, ಕ್ಯಾಲಿಫೋರ್ನಿಯಾದಲ್ಲಿ

● ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಗೆ ಹೆಸರು ಬಂದದ್ದು ಪತ್ರಿಕೋದ್ಯಮಿ ಇ. ಡಬ್ಲ್ಯು. ಸ್ಕ್ರಿಪ್ಸ್ ಅವರಿಂದ. ಅವರ ಮಿರಾಮರ್ ಜಮೀನು, ನೀಲಗಿರಿ ತೋಪು ಇದ್ದದ್ದು ಇಲ್ಲೇ. ಇಂದು ಸುತ್ತಮುತ್ತ ಚರ್ಚುಗಳಿಗೇನೂ ಬರವಿಲ್ಲ. ಸ್ಕ್ರಿಪ್ಸ್ ಮಾತ್ರ ದೇವರು, ಧರ್ಮಗಳನ್ನು ನಂಬದ ಆಸಾಮಿ.

● 1921ರಲ್ಲಿ ಅದೇ ಸ್ಕ್ರಿಪ್ಸ್, ಪ್ರಾಣಿಶಾಸ್ತ್ರಜ್ಞ ವಿಲಿಯಂ ರಿಟ್ಟರ್ ಜೊತೆ ಸೇರಿ ಪತ್ರಿಕೆಗಳಿಗೆ ವಿಜ್ಞಾನದ ಸುದ್ದಿ ಒದಗಿಸಲು ‘ಸೈನ್ಸ್ ಸರ್ವೀಸ್’ ಕಟ್ಟಿದರು. 1925ರಲ್ಲಿ ಟೆನೆಸ್ಸೀ ರಾಜ್ಯದಲ್ಲಿ ವಿಕಾಸವಾದ ಕಲಿಸಿದ ಆರೋಪದ ಮೇಲೆ ಜಾನ್ ಸ್ಕೋಪ್ಸ್ ಎಂಬ ಮೇಷ್ಟ್ರು ಕಟಕಟೆ ಹತ್ತಿದಾಗ, ವರದಿ ಮಾಡಲು ಹೋದ ಈ ಸಂಸ್ಥೆಯವರು ಸ್ಕೋಪ್ಸ್ ಪರ ವಕೀಲರಿಗೆ ವಿಜ್ಞಾನಿ ಸಾಕ್ಷಿಗಳನ್ನು ಹುಡುಕಿಕೊಡಲೂ ನೆರವಾದರು. ಸುದ್ದಿಗಾರರು ಮಾಡುವ ಕೆಲಸವೇ ಅದು ಎಂದು ಕೇಳಬೇಡಿ!

● ಧರ್ಮದ ಪರ ಬಣದ ಹಣವೂ ದಕ್ಷಿಣ ಕ್ಯಾಲಿಫೋರ್ನಿಯಾದ್ದೇ. ಯೂನಿಯನ್ ಆಯಿಲ್ ಕಂಪನಿಯ ಲೈಮನ್ ಸ್ಟೂವರ್ಟ್ 1908ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಬೈಬಲ್ ಶಾಲೆಯೊಂದರ ಸ್ಥಾಪನೆಗೆ ಕೈಹಾಕಿದರು. ಅದೇ ಇಂದಿನ ಬಯೋಲಾ ವಿಶ್ವವಿದ್ಯಾಲಯ. ನಂಬಿಕೆಯ ಸಮರ್ಥನೆಯಲ್ಲೇ ಇಲ್ಲಿ ಎಂ.ಎ. ಮಾಡಬಹುದು.

● ಸ್ಟೂವರ್ಟ್ ಸೋದರರ ದುಡ್ಡಿನಲ್ಲೇ 1910ರಿಂದ 1915ರ ನಡುವೆ ‘ದಿ ಫಂಡಮೆಂಟಲ್ಸ್’ನ 12 ಸಂಪುಟಗಳು ಹೊರಬಂದು ಸಭಾಪಾಲಕರಿಗೂ ಮಿಷನರಿಗಳಿಗೂ ಪುಕ್ಕಟೆ ಹಂಚಿಕೆಯಾದವು. ಮೂಲಭೂತವಾದದ ಬೇರು ಎಂದು ಎಲ್ಲರೂ ತೋರಿಸುವ ಪುಸ್ತಕ ಇದು. ತೆರೆದು ಓದಿದವರು ಕಡಿಮೆ. ಅದರಲ್ಲೇ ಬರೆದ ಸ್ಕಾಟ್ಲೆಂಡಿನ ಜೇಮ್ಸ್ ಓರ್ ವಿಕಾಸವಾದವನ್ನು ಪೂರ್ತಿ ತಳ್ಳಿಹಾಕಿರಲಿಲ್ಲ. ಆದಿಕಾಂಡದ ಆರು ದಿನಗಳನ್ನು 24 ಗಂಟೆಯ ದಿನಗಳೆಂದೇ ಓದಬೇಕೆಂಬ ಹಟವೂ ಅವರಿಗಿರಲಿಲ್ಲ.

● ಆ ಹಟ ಜೋರಾದದ್ದು ಆಮೇಲೆ, ಅದೂ ಸ್ಯಾನ್ ಡಿಯಾಗೋ ಸುತ್ತಮುತ್ತ. ಜಲ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಹೆನ್ರಿ ಮಾರಿಸ್ 1970ರ ದಶಕದಲ್ಲಿ ಸೃಷ್ಟಿ ಸಂಶೋಧನಾ ಸಂಸ್ಥೆಯನ್ನು ಇಲ್ಲಿ ಬೆಳೆಸಿದರು. ಭೂಮಿಗೆ ಕೆಲವೇ ಸಾವಿರ ವರ್ಷ ವಯಸ್ಸು ಎಂಬುದು ಅವರ ವಾದ. ಸಂಸ್ಥೆ ಡಲ್ಲಾಸ್‌ಗೆ ಹೋಯಿತು, ಹತ್ತಿರದ ಸ್ಯಾಂಟಿಯಲ್ಲಿದ್ದ ಅದರ ವಸ್ತುಸಂಗ್ರಹಾಲಯ ಇಲ್ಲೇ ಉಳಿಯಿತು. ಇತ್ತ ಲಾಸ್ ಏಂಜಲೀಸ್ ಕಡೆ, 1986ರಲ್ಲಿ ‘ರೀಸನ್ಸ್ ಟು ಬಿಲೀವ್’ ಸ್ಥಾಪಿಸಿದ ಖಗೋಳಜ್ಞ ಹ್ಯೂ ರಾಸ್ ಕೋಟ್ಯಂತರ ವರ್ಷಗಳ ಹಳೆಯ ವಿಶ್ವವನ್ನು ಒಪ್ಪುತ್ತಾರೆ. ಮಹಾಸ್ಫೋಟವೇ ಸೃಷ್ಟಿಕರ್ತನ ಗುರುತು ಎನ್ನುತ್ತಾರೆ. ಈ ಎರಡು ಬಣಗಳೂ ಒಂದನ್ನೊಂದು ಕೆಣಕಿವೆ. ನನ್ನನ್ನು ಕೇಳಿದರೆ, ಬಂಡೆಯ ವಯಸ್ಸಿಗೆ ದೇವರನ್ನು ಗಂಟುಹಾಕಿದ್ದೇ ಮಾರಿಸ್ ಬಣದ ದುರ್ಬಲ ನಡೆ.

● ಬಯೋಲಾದಲ್ಲಿ ಕಲಿಸಿದ ತತ್ತ್ವಶಾಸ್ತ್ರಜ್ಞ ವಿಲಿಯಂ ಲೇನ್ ಕ್ರೇಗ್ ದೇವರ ಪರ ಹೂಡುವ ಹೆಸರಾಂತ ವಾದದ ಮೂಲ ಮಧ್ಯಯುಗದ ಮುಸ್ಲಿಂ ಚಿಂತಕರಲ್ಲಿದೆ. ಅಲ್ ಗಜಾಲಿ ಅವರಲ್ಲಿ ಪ್ರಮುಖರು. ಹುಟ್ಟಿದ್ದಕ್ಕೆಲ್ಲ ಕಾರಣ ಬೇಕು, ವಿಶ್ವಕ್ಕೂ ಹುಟ್ಟಿದೆ, ಹಾಗಾಗಿ ಅದಕ್ಕೂ ಕಾರಣವಿದೆ: ಇಷ್ಟೇ ಸಾರಾಂಶ. ನಮ್ಮವರಿಗಿದು ಹೊಸದಲ್ಲ. ಮಿಥಿಲೆಯ ಉದಯನಾಚಾರ್ಯರು ‘ನ್ಯಾಯಕುಸುಮಾಂಜಲಿ’ಯಲ್ಲಿ, ಕಾರ್ಯವಿದ್ದ ಮೇಲೆ ಕರ್ತೃ ಇರಲೇಬೇಕೆಂದು ನಿರೀಶ್ವರವಾದಿಗಳ ಎದುರು ಸಾವಿರ ವರ್ಷದ ಹಿಂದೆಯೇ ವಾದ ಹೂಡಿದ್ದರು.

● 2009ರ ಏಪ್ರಿಲ್ 4ರಂದು ಬಯೋಲಾದ ಜಿಮ್ನೇಷಿಯಂನಲ್ಲಿ ಕ್ರೇಗ್ ಮತ್ತು ನಾಸ್ತಿಕ ಲೇಖಕ ಕ್ರಿಸ್ಟೋಫರ್ ಹಿಚನ್ಸ್ ‘ದೇವರಿದ್ದಾನೆಯೇ?’ ಎಂದು ವಾದಕ್ಕಿಳಿದರು. ಗೆದ್ದದ್ದು ಕ್ರೇಗ್ ಎಂದು ನಾಸ್ತಿಕರಲ್ಲೇ ಕೆಲವರು ಒಪ್ಪಿಕೊಂಡರು. ವಾದ ಗೆದ್ದರೆ ದೇವರು ಸಾಬೀತಾದಂತೆ ಎಂದೇನಲ್ಲ, ಬಿಡಿ.

● ಸ್ಯಾನ್ ಡಿಯಾಗೋದ ಮೌಂಟ್ ಸೊಲೆಡಾಡ್ ಮೇಲೆ ಸಾರ್ವಜನಿಕ ಜಾಗದಲ್ಲಿದ್ದ ಶಿಲುಬೆಯ ವಿರುದ್ಧ 1989ರಲ್ಲಿ ವಿಯೆಟ್ನಾಂ ಯುದ್ಧದ ಮಾಜಿ ಯೋಧ, ನಾಸ್ತಿಕ ಫಿಲಿಪ್ ಪಾಲ್ಸನ್ ದಾವೆ ಹೂಡಿದರು. 2015ರಲ್ಲಿ ಸರ್ಕಾರ ಆ ಜಾಗವನ್ನು ಖಾಸಗಿ ಸ್ಮಾರಕ ಸಂಘಕ್ಕೆ ಮಾರಿದ ಮೇಲೇ ವ್ಯಾಜ್ಯ ತಣ್ಣಗಾಯಿತು.

● ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್, ಕೇಂಬ್ರಿಜ್‌ನ ಚರ್ಚಿಲ್ ಕಾಲೇಜಿನಲ್ಲಿ ಪ್ರಾರ್ಥನಾಲಯ ಕಟ್ಟುವುದನ್ನು ವಿರೋಧಿಸಿ ಅಲ್ಲಿನ ಸ್ಥಾನ ಬಿಟ್ಟವರು. ಕೊನೆಯ ದಶಕಗಳನ್ನು ಸ್ಯಾನ್ ಡಿಯಾಗೋದ ಲಾ ಹೋಯಾದಲ್ಲಿರುವ ಸಾಲ್ಕ್ ಸಂಸ್ಥೆಯಲ್ಲಿ ಕಳೆದರು. ನಮ್ಮ ಸುಖ, ದುಃಖ, ನೆನಪು, ‘ನಾನು’ ಎಂಬ ಭಾವ ಎಲ್ಲವೂ ನರಕೋಶಗಳ ವ್ಯಾಪಾರವೆಂದು 1994ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಬಯೋಲಾದ ತತ್ತ್ವಶಾಸ್ತ್ರಜ್ಞ ಜೆ. ಪಿ. ಮೋರ್‌ಲ್ಯಾಂಡ್ ಇದನ್ನು ಒಪ್ಪುವುದಿಲ್ಲ: ಮೆದುಳಿನ ಚಿತ್ರ ತೆಗೆದು ನನಗೆ ನೋವಿದೆಯೆಂದು ವೈದ್ಯರು ಊಹಿಸಬಹುದು, ಆದರೆ ಆ ನೋವು ನೇರವಾಗಿ ಗೊತ್ತಾಗುವುದು ನನಗೊಬ್ಬನಿಗೇ, ಹಾಗಾದರೆ ನೋವೂ ನರಕೋಶವೂ ಒಂದೇ ಹೇಗಾದೀತು? ಭೂಮಿಯ ವಯಸ್ಸಿನ ಜಗಳವನ್ನು ವಿಜ್ಞಾನ ತೀರಿಸಿಯಾಯಿತು. ಈ ಪ್ರಶ್ನೆಗೆ ಮಾತ್ರ ನರವಿಜ್ಞಾನಿಗಳಲ್ಲೂ ತತ್ತ್ವಶಾಸ್ತ್ರಜ್ಞರಲ್ಲೂ ಇನ್ನೂ ಒಮ್ಮತವಿಲ್ಲ.